ಪುಟ್ಟ ಸೈನಿಕನ ಗಾಜುಗಣ್ಣಿಗೆ ಬಣ್ಣ

1/35 ಅಳತೆಯ ಸೈನಿಕ ಬೊಂಬೆಯ ಎತ್ತರ ಸುಮಾರು 5 ಸೆಂಟಿಮೀಟರ್. ಅವನು ಗ್ಯಾಸ್ ಮಾಸ್ಕ್ ತೊಟ್ಟಿದ್ದರೆ ಅದರ ಒಂದೊಂದು ಗಾಜಿನ ಅಗಲ ಎರಡು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಆದರೂ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಸಮವಸ್ತ್ರದ ಮಡಿಕೆ, ಬೂಟಿನ ಕೆಸರು, ಬೆಲ್ಟಿನ ಬಕಲ್ ಎಲ್ಲವನ್ನೂ ಚೆನ್ನಾಗಿ ಬಳಿದು, ಕೊನೆಗೆ ಗಾಜಿಗೆ ತಿಳಿನೀಲಿ ಹಚ್ಚಿ ಒಂದು ಬಿಳಿ ಚುಕ್ಕೆ ಇಟ್ಟು ಕೈತೊಳೆದುಕೊಳ್ಳುವುದು ಹವ್ಯಾಸಿಗಳಲ್ಲಿ ರೂಢಿ. ಇಡೀ ಬೊಂಬೆಯನ್ನು ಆಟಿಕೆಯಾಗಿಸಿಬಿಡುವುದು ಆ ನೀಲಿಯೇ.

ಗಾಜಿಗೆ ತನ್ನದು ಅಂತ ಬಣ್ಣವಿಲ್ಲ. ಅದರ ಹಿಂದೆ ಏನಿದೆ, ಮುಂದೆ ಏನಿದೆ ಎನ್ನುವುದಷ್ಟೇ ನಮಗೆ ಕಾಣುವುದು. ನಡುಮಧ್ಯಾಹ್ನ ಬೀದಿಯಲ್ಲಿ ನಿಂತು ಯಾವುದಾದರೂ ಮನೆಯ ಕಿಟಕಿ ನೋಡಿ: ಒಳಗೆ ಗೋಡೆ ಬಿಳಿಯಿದ್ದರೂ ಗಾಜು ಕಪ್ಪಗೆ ಕಾಣುತ್ತದೆ, ಒಳಗಿನ ಬೆಳಕು ಹೊರಗಿನದಕ್ಕಿಂತ ಅಷ್ಟು ಕಡಿಮೆ. ಮಾಸ್ಕಿನ ಒಳಗೂ ಅದೇ ಕತ್ತಲು. ಇನ್ನು ಪ್ರತಿಬಿಂಬದ ಮಾತು. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಒಂದೊಂದು ಮೈ ಹಿಂದಿರುಗಿಸುವುದು ಶೇ. 4ರಷ್ಟು, ಎರಡೂ ಮೈ ಸೇರಿದರೆ ಶೇ. 8ರಷ್ಟು. ಅಂದರೆ ಆಕಾಶ ಗಾಜಿನಲ್ಲಿ ಮೂಡಿದರೂ ಮೂಡುವುದು ಕಪ್ಪಿಗೆ ಹತ್ತಿರದ ಬೂದುನೀಲಿಯಾಗಿ. ಸೂರ್ಯನ ಲೆಕ್ಕ ಬೇರೆ. ಅವನ ಬೆಳಕಿನ ಶೇ. 8 ಕೂಡ ಕಣ್ಣು ಕುಕ್ಕುವಷ್ಟಿರುತ್ತದೆ. ಬಿಳಿ ಚುಕ್ಕೆ ನ್ಯಾಯವಾಗಿ ಸಲ್ಲಬೇಕಾದದ್ದು ಅವನೊಬ್ಬನಿಗೆ.

ಗಾಜು ಚಪ್ಪಟೆಯೋ ಉಬ್ಬಿದ್ದೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಬಹಳ ಮಂದಿ ಎಡವುವುದು ಇಲ್ಲಿ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕನನ್ನೇ ತೆಗೆದುಕೊಳ್ಳೋಣ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಬಿಟ್ಟಾಗ ಎದುರಿದ್ದವರಿಗೆ ಮುಖವಾಡವೇ ಇರಲಿಲ್ಲ. ಮರುವರ್ಷ, 1916ರಲ್ಲಿ, ಬ್ರಿಟಿಷರು ಸ್ಮಾಲ್ ಬಾಕ್ಸ್ ರೆಸ್ಪಿರೇಟರ್ ತಂದರು: ರಬ್ಬರ್ ಹಚ್ಚಿದ ಬಟ್ಟೆಯ ಮುಖವಾಡ, ಎದೆಯ ಮೇಲಿನ ಚೀಲದವರೆಗೆ ಇಳಿಬಿದ್ದ ಕೊಳವೆ, ಲೋಹದ ಅಂಚಿನೊಳಗೆ ಎರಡು ದುಂಡನೆಯ ಗಾಜು. ಶುರುವಿನಲ್ಲಿ ಅವು ಸೆಲ್ಯುಲಾಯ್ಡ್, ಆಮೇಲೆ ಚೂರಾಗದ ಗಾಜು. ಎರಡೂ ಚಪ್ಪಟೆ. ಚಪ್ಪಟೆ ಗಾಜು ಕನ್ನಡಿಯ ಹಾಗೆಯೇ ತನ್ನೆದುರಿನ ಒಂದೇ ತುಂಡು ದೃಶ್ಯವನ್ನು ಹಿಡಿಯುತ್ತದೆ. ಮುಖದ ಇಳಿಜಾರಿಗೆ ತಕ್ಕಂತೆ ಎಡಗಣ್ಣಿನ ಗಾಜು ಒಂದು ಕಡೆಗೆ, ಬಲಗಣ್ಣಿನದು ಇನ್ನೊಂದು ಕಡೆಗೆ ತಿರುಗಿರುವುದರಿಂದ ಒಂದರಲ್ಲಿ ಆಕಾಶ ತುಂಬಿ ಮಂಕಾಗಿ ಬೆಳಗಬಹುದು, ಇನ್ನೊಂದು ಪೂರಾ ಕಪ್ಪಾಗಿಯೇ ಉಳಿಯಬಹುದು. ಎರಡು ಗಾಜಿಗೂ ಒಂದೇ ಬಣ್ಣ ಹಚ್ಚಬೇಕೆಂಬ ಹಟ ಬಿಟ್ಟರೆ ಮುಖಕ್ಕೆ ತಟ್ಟನೆ ಜೀವ ಬರುತ್ತದೆ.

ಬಳಿಯುವ ಕ್ರಮ ಹೀಗೆ. ಪ್ರೈಮರ್ ಒಣಗಿದ ಮೇಲೆ ಗಾಜಿನ ಗುಂಡಿಗೆ ಕಪ್ಪು, ಗಾಢ ಕಂದು, ಚೂರು ನೀಲಿ ಬೆರೆಸಿದ ಬಣ್ಣ ತುಂಬಿ. ಬರೀ ಕಪ್ಪು ಬಳಿದರೆ ತೂತು ಕೊರೆದಂತೆ ಕಾಣುತ್ತದೆ. ಬಣ್ಣ ಅಂಚಿನ ಮೇಲೆ ಹರಿದರೂ ಚಿಂತೆಯಿಲ್ಲ. ಆಮೇಲೆ ಕುಂಚದ ತುದಿಯ ಬದಲು ಅದರ ಪಕ್ಕವನ್ನು ತಾಗಿಸಿ, ಉಬ್ಬಿದ ಅಂಚಿನ ಗುಂಟ ಲೋಹದ ಬಣ್ಣ ಎಳೆಯಿರಿ. ವೃತ್ತ ತಾನೇ ಸರಿಯಾಗಿ ಮೂಡುತ್ತದೆ. ಆಕಾಶ ಹಿಡಿದ ಗಾಜಿಗೆ ತಳದ ಬಣ್ಣಕ್ಕೇ ಬೂದುನೀಲಿ ಬೆರೆಸಿ, ನೀರಾಗಿಸಿ, ಎರಡು ಮೂರು ತೆಳು ಪದರ ಕೊಡಿ. ಮೇಲಂಚಿನ ಲೋಹ ಗಾಜಿನ ಮೇಲೆ ನೆರಳು ಬೀಳಿಸುವ ಕಡೆ ಒಂದು ಕೂದಲೆಳೆ ಕಪ್ಪು ಉಳಿಯಲಿ. ಗಾಜು ಅಂಚಿನ ಒಳಗೆ ಕೂತಿದೆ ಅನ್ನಿಸುವುದು ಆ ಗೆರೆಯಿಂದ.

ಕುಂಚದ ಬಗ್ಗೆ ಒಂದು ಮಾತು. ಕೆಲಸ ಚಿಕ್ಕದೆಂದು 10/0 ಸಂಖ್ಯೆಯ ಕುಂಚ ಕೊಳ್ಳಬೇಡಿ. ಅದು ಹಿಡಿಯುವ ಚೂರು ಬಣ್ಣ ಬೊಂಬೆ ಮುಟ್ಟುವ ಮೊದಲೇ ಒಣಗುತ್ತದೆ, ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ತುದಿ ಚೂಪಾಗಿ ನಿಲ್ಲುವ 0 ಅಥವಾ 1 ಸಾಕು. ಜೊತೆಗೆ ತಲೆಗೆ ಕಟ್ಟುವ ಭೂತಗನ್ನಡಿ ಇರಲಿ.

ಉಬ್ಬಿದ ಗಾಗಲ್ ಗಾಜಿನ ರೀತಿಯೇ ಬೇರೆ. ಅದು ಇಡೀ ಸುತ್ತಮುತ್ತಲನ್ನು ಕುಗ್ಗಿಸಿ ತೋರಿಸುತ್ತದೆ: ಮೇಲೆ ಆಕಾಶ, ಕೆಳಗೆ ನೆಲ, ನಡುವೆ ಕಪ್ಪು ದಿಗಂತ. ಮರಳುಗಾಡಿನ ಮೋಟಾರ್‌ಸೈಕಲ್ ಸವಾರನಾದರೆ ಕೆಳಭಾಗಕ್ಕೆ ಮಂದವಾದ ಮರಳುಬಣ್ಣ ಬೇಕು. ಸೂರ್ಯನ ಚುಕ್ಕೆ ಎರಡು ಗಾಜಿನಲ್ಲೂ ಒಂದೇ ಪಕ್ಕಕ್ಕೆ ಇರಬೇಕು. ಎಡಗಾಜಿನಲ್ಲಿ ಎಡಕ್ಕೆ, ಬಲಗಾಜಿನಲ್ಲಿ ಬಲಕ್ಕೆ ಇಟ್ಟರೆ ಆಕಾಶದಲ್ಲಿ ಇಬ್ಬರು ಸೂರ್ಯರು ಬೇಕಾಗುತ್ತಾರೆ.

ಗಾಗಲನ್ನು ಟೋಪಿಯ ಮೇಲೇರಿಸಿಕೊಂಡಿದ್ದರೆ? ಹಿಂದಿರುವುದು ಕತ್ತಲಲ್ಲ, ಟೋಪಿ. ಇದಕ್ಕೆ ಪ್ರಸಿದ್ಧ ಉದಾಹರಣೆ ಎರಡನೇ ಮಹಾಯುದ್ಧದ ಜರ್ಮನ್ ಸೇನಾನಿ ರೊಮ್ಮೆಲ್. 1941ರ ಏಪ್ರಿಲ್‌ನಲ್ಲಿ ಲಿಬಿಯಾದ ಮೆಕಿಲಿಯಲ್ಲಿ ಬ್ರಿಟಿಷರಿಂದ ವಶಪಡಿಸಿಕೊಂಡ ಅನಿಲ ನಿರೋಧಕ ಗಾಗಲ್ ಅವನ ಟೋಪಿಯ ಮೇಲೆ ಖಾಯಂ ಆಗಿಬಿಟ್ಟಿತು. ಅದು ತೆಳುವಾದ ಸೆಲ್ಯುಲಾಯ್ಡ್, ಹಣೆಯ ಸುತ್ತ ಬಾಗಿದ್ದು. ಅದಕ್ಕೆ ಕಪ್ಪು ತಳ ಕೊಟ್ಟರೆ ತಪ್ಪು. ಟೋಪಿಯ ಬಣ್ಣವನ್ನೇ ಒಂದು ಮೆಟ್ಟಿಲು ಗಾಢ ಮಾಡಿ ಬಳಿದು, ಬಾಗಿದ ಕಡೆ ಮೇಲಿಂದ ಕೆಳಕ್ಕೆ ಒಂದು ತಿಳಿ ಪಟ್ಟೆ ಎಳೆದರೆ ಪಾರದರ್ಶಕವೆನಿಸುತ್ತದೆ. ವಸ್ತುಸಂಗ್ರಹಾಲಯಗಳ ಹಳೆಯ ಸೆಲ್ಯುಲಾಯ್ಡ್ ನೋಡಿ ಜೇನುಹಳದಿ ಬಳಿಯುವವರಿದ್ದಾರೆ. ಆ ಹಳದಿ ವಯಸ್ಸಿನದು, ಯುದ್ಧಕಾಲದ್ದಲ್ಲ. ಬಿಸಿಲಿಗೆಂದೇ ಬಣ್ಣಗಾಜು ಹಾಕಿದ ಗಾಗಲ್ಲಾದರೆ ತಮಿಯಾದ ಎಕ್ಸ್-19 ಸ್ಮೋಕ್ ಒಂದು ಪದರ ಸಾಕು. ಅದನ್ನು ಒಂದೇ ಸಲ ಎಳೆದು ಬಿಟ್ಟುಬಿಡಿ, ಮತ್ತೆ ಉಜ್ಜಿದರೆ ಕೆಳಗಿನ ಬಣ್ಣ ಎದ್ದುಬರುತ್ತದೆ.

ಹೊಳಪು ಕೊನೆಯ ಕೆಲಸ. ಇಡೀ ಬೊಂಬೆಗೆ ಮ್ಯಾಟ್ ವಾರ್ನಿಷ್ ಹೊಡೆದು, ಅದು ಪೂರ್ತಿ ಒಣಗಿದ ಮೇಲೆ ಗಾಜಿಗಷ್ಟೇ ಹೊಳಪಿನ ವಾರ್ನಿಷ್ ಮುಟ್ಟಿಸಬೇಕು. ಕ್ರಮ ತಿರುವುಮುರುವಾದರೆ ಹೊಳಪು ಸತ್ತುಹೋಗುತ್ತದೆ. ಉಬ್ಬುಗಾಜಿಗೆ ಯುವಿ ರೆಸಿನ್ ಚೆನ್ನಾಗಿ ಒಗ್ಗುತ್ತದೆ: ಒಂದು ಹನಿ ಇಟ್ಟರೆ ತಾನೇ ಗುಮ್ಮಟವಾಗಿ ನಿಲ್ಲುತ್ತದೆ, ಯುವಿ ಟಾರ್ಚ್ ಹಿಡಿದರೆ ಗಟ್ಟಿಯಾಗುತ್ತದೆ. ಆ ಗುಣದಿಂದಲೇ ಅದು ಸ್ಮಾಲ್ ಬಾಕ್ಸ್ ರೆಸ್ಪಿರೇಟರಿನಂಥ ಚಪ್ಪಟೆ ಗಾಜಿಗೆ ಬೇಡ. ಸೂಪರ್ ಗ್ಲೂ ಹತ್ತಿರವೂ ಸುಳಿಯದಿರಲಿ, ಅದರ ಆವಿಗೆ ಗಾಜಿನ ಸುತ್ತ ಬಿಳಿ ಬೂಷ್ಟಿನಂಥ ಪೊರೆ ಕೂರುತ್ತದೆ.

ವಾರ್ನಿಷ್ ಬಿದ್ದ ಮೇಲೆ ಕೋಣೆಯ ದೀಪವೂ ಅಲ್ಲಿ ಹೊಳೆಯುತ್ತದೆ, ಬೊಂಬೆ ತಿರುಗಿಸಿದಂತೆ ಆ ಹೊಳಪೂ ಓಡಾಡುತ್ತದೆ. ಹಾಗಾಗಿ ಬಳಿದ ಬಿಳಿ ಚುಕ್ಕೆ ಆದಷ್ಟು ಸಣ್ಣದಿರಲಿ. 1/72 ಅಳತೆಯಲ್ಲಿ ಅದು ಬೇಕಾಗುವುದೇ ಇಲ್ಲ.

ಧೂಳು ತೋರಿಸುವುದಿದ್ದರೆ ಹೊಳಪನ್ನು ಗಾಜಿನ ನಡುವೆ, ಬೆರಳಿನಿಂದ ಒರೆಸಿದ ಜಾಗಕ್ಕೆ ಮಾತ್ರ ಕೊಡಿ. ಅಂಚಿನ ಸುತ್ತ ಮ್ಯಾಟ್ ಹಾಗೆಯೇ ಇದ್ದು, ಪಿಗ್ಮೆಂಟ್ ಪುಡಿ ಚೂರು ಕೂತಿರಲಿ.

ಇಷ್ಟೆಲ್ಲ ಮಾಡಲು ಕೈ ಇನ್ನೂ ಪಳಗಿಲ್ಲವೆಂದರೆ, ಮುಖದ ಮೇಲಿರುವ ಗಾಜಿಗೆ ಆ ಗಾಢ ಕಂದುಗಪ್ಪು ಹಚ್ಚಿ, ಒಂದು ಪದರ ಹೊಳಪು ಕೊಟ್ಟು ನಿಲ್ಲಿಸಿ. ತಿಳಿನೀಲಿ ಬಳಿದ ಗಾಜಿಗಿಂತ ಅದು ಎಷ್ಟೋ ಪಾಲು ನಿಜ.