ಸರಕಾರದ ಟೆಂಡರು: ಗ್ರಾಮಸ್ಥರು ತಿಳಿಯತಕ್ಕ ಸಂಗತಿಗಳು

ಬೆಂಗಳೂರಿನ ದಕ್ಷಿಣಕ್ಕಿರುವ ಜೆ. ಪಿ. ನಗರದ ಸುತ್ತಲಿನ ಹೊಲಗದ್ದೆಗಳು ಬೀದಿಗಳಾಗಿ ಹೋದವು. ಸಾರಕ್ಕಿ ಕೆರೆಯು ಉಳಿದಿದೆ. ಅದರ ಒತ್ತುವರಿಯನ್ನು 2015ರಲ್ಲಿ ತೆರವು ಮಾಡಿಸಲಾಯಿತು. ಯಾವ ಊರಿನ ಕೆರೆಯೇ ಆಗಲಿ, ಹೂಳೆತ್ತುವುದೂ ಏರಿಯನ್ನು ಭದ್ರಪಡಿಸುವುದೂ ಪ್ರಜೆಗಳ ಹಣದಿಂದ ನಡೆಯತಕ್ಕ ಕೆಲಸ. ಅದನ್ನು ಗುಟ್ಟಾಗಿ ಬೇಕಾದವರಿಗೆ ವಹಿಸಿದರೆ ಹಣವು ಹೋಗಿ ಹೂಳು ಉಳಿಯುವುದು.

ಇದನ್ನು ತಡೆಯುವ ಸಲುವಾಗಿ, 1999ನೆಯ ಇಸವಿಯ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು 2000ದಲ್ಲಿ ಜಾರಿಗೆ ಬಂದಿತು. ಇದರ ಮೇರೆಗೆ, ವಿನಾಯಿತಿಯುಳ್ಳ ಸಂದರ್ಭಗಳ ಹೊರತು, ಕಾಮಗಾರಿಗೂ ಸಾಮಗ್ರಿಗೂ ಬಹಿರಂಗವಾಗಿ ಟೆಂಡರು ಕರೆಯತಕ್ಕದ್ದು. ದರಗಳನ್ನು ತೂಗಿ ನೋಡುವ ಕ್ರಮವನ್ನು ಟೆಂಡರು ಪತ್ರದಲ್ಲಿಯೇ ಮೊದಲು ತಿಳಿಸಿರಬೇಕು. ಆ ಕ್ರಮದಂತೆ ಅತಿ ಕಡಮೆಯೆಂದು ಕಂಡದ್ದನ್ನು ಅಂಗೀಕರಿಸುವರು. ಮೊಳೆಯದ ಬೀಜವು ಎಷ್ಟು ಅಗ್ಗವಾದರೂ ರೈತನಿಗೆ ದುಬಾರಿಯೇ. ಹಾಗೆಯೇ ಬರಿಯ ದರವೊಂದೇ ಸಾಲದು, ಪತ್ರದಲ್ಲಿ ಕೇಳಿದ ಅರ್ಹತೆಯೂ ಗುಣವೂ ಇರಬೇಕು.

ನಿರ್ಣಯದಿಂದ ಅನ್ಯಾಯವಾಯಿತೆಂದು ತಿಳಿಯುವ ಟೆಂಡರುದಾರನು, ಆದೇಶವು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಟೆಂಡರು ಹಾಕದ ಗ್ರಾಮಸ್ಥರಿಗೂ ಇಲ್ಲಿ ಕೆಲಸವುಂಟು. ಊರಿನ ಮುಖಂಡರು ಪ್ರಕಟಣೆಯನ್ನು ಓದಿಸಿ, ಎತ್ತಬೇಕಾದ ಹೂಳಿನ ಅಳತೆಯನ್ನೂ ವಾಯಿದೆಯನ್ನೂ ಬರೆದಿಟ್ಟುಕೊಂಡು, ನಡೆದ ಕೆಲಸದೊಡನೆ ಹೋಲಿಸಿ ನೋಡತಕ್ಕದ್ದು. ಮಳೆ ಬಂದು ಕೆರೆ ತುಂಬಿದ ಮೇಲೆ ಹೂಳನ್ನು ಅಳೆಯುವುದು ಸುಲಭವಲ್ಲ.