ಹಿಮದಲ್ಲಿ ಗೆದ್ದು ಒಟ್ಟಾವದಲ್ಲಿ ಸೋತ ವಿಮಾನ ಕಂಪನಿ

ರಸ್ತೆ, ರೈಲು, ನಿಲ್ದಾಣ ಯಾವುದೂ ಇಲ್ಲದ ಉತ್ತರ ಕೆನಡಾದಲ್ಲಿ ವಿಮಾನವನ್ನೇ ಸರಕಿನ ಲಾರಿಯಾಗಿಸಿದ್ದು ‘ಕೆನೇಡಿಯನ್ ಏರ್‌ವೇಸ್’. ಹುಟ್ಟಿ ಹದಿನಾರು ವರ್ಷ ತುಂಬುವುದರೊಳಗೆ ಅದರ ಹೆಸರೇ ಅಳಿಸಿಹೋಯಿತು. ಚಳಿಗೆ ಬಗ್ಗದ ಕಂಪನಿಯನ್ನು ಬಗ್ಗಿಸಿದ್ದು ಏನು?

1927ರ ಮಾರ್ಚ್‌ನಲ್ಲಿ ಕೆನಡಾ ಸರ್ಕಾರಕ್ಕೆ ಒಂದು ಅವಸರದ ಕೆಲಸ ಎದುರಾಯಿತು. ಪ್ರೇರಿ ಪ್ರಾಂತ್ಯಗಳ ಗೋಧಿಯನ್ನು ಯುರೋಪಿಗೆ ಕಳಿಸಲು ಹಡ್ಸನ್ ಕೊಲ್ಲಿಯ ದಡದಲ್ಲಿ ಬಂದರು ಬೇಕಿತ್ತು. ಪೋರ್ಟ್ ನೆಲ್ಸನ್ ಸರಿಯೋ, ಚರ್ಚಿಲ್ ಸರಿಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿತ್ತು. ತೀರ್ಮಾನಕ್ಕೆ ಬರಬೇಕಾದರೆ ಚರ್ಚಿಲ್‌ನ ನೀರಿನಡಿಯ ನೆಲವನ್ನು ಕೊರೆದು ನೋಡಬೇಕು. ಯಂತ್ರ ನಿಲ್ಲಿಸಲು ಹೆಪ್ಪುಗಟ್ಟಿದ ನೀರೇ ಜಗಲಿ. ಅದು ಕರಗಿದರೆ ಆ ವರ್ಷದ ಕೆಲಸ ಕೆಟ್ಟಿತು. ಆದರೆ ರೈಲು ಹಳಿ ಚರ್ಚಿಲ್‌ನಿಂದ ಬಹು ದೂರದಲ್ಲೇ ನಿಂತಿತ್ತು. ನಾಯಿ ಬಂಡಿಗಳಲ್ಲಿ ಅಷ್ಟು ಭಾರವನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಆಗದ ಮಾತು.

ಆ ಕೆಲಸವನ್ನು ವಹಿಸಿಕೊಂಡದ್ದು ಹುಟ್ಟಿ ಕೆಲವೇ ತಿಂಗಳಾಗಿದ್ದ ‘ವೆಸ್ಟರ್ನ್ ಕೆನಡಾ ಏರ್‌ವೇಸ್’. ಮುಂದೆ ‘ಕೆನೇಡಿಯನ್ ಏರ್‌ವೇಸ್’ ಆದದ್ದು ಇದೇ. ಅದರ ಫೋಕರ್ ಯೂನಿವರ್ಸಲ್ ವಿಮಾನಗಳಲ್ಲಿ ಪ್ರಯಾಣಿಕರಿಗೆ ಮುಚ್ಚಿದ ಕ್ಯಾಬಿನ್ ಇತ್ತು, ಪೈಲಟ್ ಮಾತ್ರ ಬಯಲಿಗೆ ಮುಖವೊಡ್ಡಿ ಕೂರಬೇಕಿತ್ತು. ಫ್ರೆಡ್ ಸ್ಟೀವನ್‌ಸನ್ ಮತ್ತು ನಾರ್ವೆಯ ಬರ್ನ್ಟ್ ಬಾಲ್ಕೆನ್ ಕ್ಯಾಶ್ ಲೇಕ್‌ನಿಂದ ಚರ್ಚಿಲ್‌ಗೆ ಹಾರಿದರು. ಸುಮಾರು ಒಂದು ತಿಂಗಳಲ್ಲಿ 27 ಸುತ್ತು. 14 ಜನ ಮತ್ತು ಸುಮಾರು 8 ಟನ್ ಸಾಮಾನು ಚರ್ಚಿಲ್ ಮುಟ್ಟಿತು. ಸರ್ಕಾರ ಚರ್ಚಿಲ್ ಅನ್ನೇ ಆರಿಸಿತು. 1929ರಲ್ಲಿ ಹಳಿ ಅಲ್ಲಿಗೆ ತಲುಪಿತು, 1931ರಲ್ಲಿ ಗೋಧಿಯ ಹಡಗು ಹೊರಟಿತು. ಸಾಹಸ ಪ್ರದರ್ಶನದ ವಸ್ತುವಾಗಿದ್ದ ವಿಮಾನ ಒಂದು ದೇಶದ ಆರ್ಥಿಕ ನಿರ್ಧಾರವನ್ನೇ ಬದಲಿಸಬಲ್ಲದು ಎಂಬುದು ಆಗ ಗೊತ್ತಾಯಿತು.

ಗೋಧಿ ವ್ಯಾಪಾರಿಯ ಹಣ

ಈ ಕಂಪನಿಯ ಹಿಂದಿದ್ದ ಜೇಮ್ಸ್ ಆರ್ಮ್‌ಸ್ಟ್ರಾಂಗ್ ರಿಚರ್ಡ್‌ಸನ್ ಪೈಲಟ್ ಅಲ್ಲ, ಎಂಜಿನಿಯರೂ ಅಲ್ಲ. 1857ರಿಂದ ಧಾನ್ಯ ವ್ಯಾಪಾರ ಮಾಡಿಕೊಂಡು ಬಂದ ಮನೆತನದ ಕುಡಿ, ವಿನ್ನಿಪೆಗ್‌ನ ದೊಡ್ಡ ಕುಳ. ಅವರಲ್ಲಿಗೆ ವಿಮಾನದ ಯೋಚನೆ ಹೊತ್ತು ಬಂದವರು ಹೆರಾಲ್ಡ್ ಓಕ್ಸ್. ಎಲ್ಲರ ಬಾಯಲ್ಲೂ ‘ಡಾಕ್’ ಓಕ್ಸ್. ಮೊದಲ ಮಹಾಯುದ್ಧದಲ್ಲಿ ಹಾರಿದವರು, ಆಮೇಲೆ ಗಣಿ ಎಂಜಿನಿಯರಿಂಗ್ ಓದಿದವರು.

ಹೊತ್ತೂ ಅನುಕೂಲಕರವಾಗಿತ್ತು. 1925ರಲ್ಲಿ ಒಂಟಾರಿಯೊದ ರೆಡ್ ಲೇಕ್ ಪ್ರದೇಶದಲ್ಲಿ ಚಿನ್ನ ಸಿಕ್ಕಿ, ಮರುವರ್ಷ ಜನ ನುಗ್ಗಿದ್ದರು. ರೈಲು ಇಳಿದು ಹಡ್ಸನ್ ಎಂಬ ಪುಟ್ಟ ಊರಿನಿಂದ ನಾಯಿ ಬಂಡಿಯಲ್ಲಿ ದಿನಗಟ್ಟಲೆ ಸವೆಸಬೇಕಾದ ದಾರಿ, ವಿಮಾನಕ್ಕೆ ಒಂದೆರಡು ಗಂಟೆಯದು. 1926ರ ಡಿಸೆಂಬರ್‌ನಲ್ಲಿ ಕಂಪನಿ ನೋಂದಣಿಯಾಯಿತು. ಓಕ್ಸ್ ಮೊದಲ ಫೋಕರ್ ವಿಮಾನವನ್ನು ನ್ಯೂಜೆರ್ಸಿಯಿಂದ ಹಾರಿಸಿಕೊಂಡು ಬಂದರು.

ಉತ್ತರದ ಭೂಗೋಳವೇ ಕಂಪನಿಯ ಮೂಲಧನ. ಅಲ್ಲಿ ಎಣಿಸಲಾಗದಷ್ಟು ಸರೋವರಗಳು. ಬೇಸಿಗೆಯಲ್ಲಿ ಗಾಲಿಯ ಜಾಗಕ್ಕೆ ಫ್ಲೋಟ್ ಕಟ್ಟಿದರೆ ನೀರೇ ರನ್‌ವೇ, ಚಳಿಗಾಲದಲ್ಲಿ ಸ್ಕೀ ಕಟ್ಟಿದರೆ ಮಂಜುಗಡ್ಡೆಯೇ ರನ್‌ವೇ. ನಿಲ್ದಾಣ ಕಟ್ಟುವ ಖರ್ಚಿಲ್ಲ. ಆದರೆ ವರ್ಷಕ್ಕೆರಡು ಸಲ, ಮಂಜು ಕಟ್ಟುವಾಗ ಮತ್ತು ಒಡೆಯುವಾಗ, ಕೆಲವು ವಾರ ಎರಡೂ ನಡೆಯುವುದಿಲ್ಲ. ಆಗ ವಿಮಾನಗಳು ನೆಲೆಗೆ ಮರಳಿ ಕಾಲು ಬದಲಿಸಿಕೊಂಡು ಕಾಯಬೇಕು. ಆ ವಾರಗಳಲ್ಲಿ ಸಂಬಳ ಕೊಡಬೇಕು, ವರಮಾನ ಮಾತ್ರ ಇಲ್ಲ.

ಎಂಜಿನ್‌ಗೆ ಬೆಂಕಿ ಕಾಯಿಸುವ ಕೆಲಸ

ಪೈಲಟ್‌ಗಳ ಹೆಸರು ಪತ್ರಿಕೆಗಳಲ್ಲಿ ಮೆರೆಯಿತು. ಕಂಪನಿ ನಡೆದದ್ದು ಮಾತ್ರ ಮೆಕ್ಯಾನಿಕ್‌ಗಳ ಬೆನ್ನ ಮೇಲೆ. ಮೈನಸ್ 40 ಡಿಗ್ರಿಯಲ್ಲಿ ಎಂಜಿನ್ ಆಯಿಲ್ ಹೆಪ್ಪುಗಟ್ಟಿದ ಡಾಂಬರಾಗುತ್ತದೆ. ಆದ್ದರಿಂದ ಸಂಜೆ ಇಳಿದ ಕೂಡಲೇ ಮೆಕ್ಯಾನಿಕ್ ಬಿಸಿಯಾರುವ ಮುನ್ನ ಆಯಿಲನ್ನು ಡಬ್ಬಕ್ಕೆ ಬಸಿದು ಗುಡಿಸಲೊಳಗೆ ಇಟ್ಟುಕೊಳ್ಳಬೇಕು. ಮರುದಿನ ಬೆಳಕು ಹರಿಯುವ ಮುಂಚೆ ಎದ್ದು, ಎಂಜಿನ್ ಮೇಲೆ ಕ್ಯಾನ್ವಾಸ್ ಡೇರೆ ಇಳಿಬಿಟ್ಟು, ಕೆಳಗೆ ಬ್ಲೋ ಲ್ಯಾಂಪ್ ಹೊತ್ತಿಸಿ ಎಂಜಿನ್ ಕಾಯಿಸಬೇಕು. ಪೆಟ್ರೋಲ್ ವಾಸನೆಯ ಡೇರೆಯೊಳಗೆ ಉರಿಯುವ ಬೆಂಕಿ. ಅದರ ಪಕ್ಕದಿಂದ ಗಂಟೆಗಟ್ಟಲೆ ಕದಲುವಂತಿಲ್ಲ. ಕಣ್ಣು ಮುಚ್ಚಿದರೆ ವಿಮಾನವೇ ಬೂದಿ. ಎಂಜಿನ್ ಕಾದ ಮೇಲೆ ಆಯಿಲನ್ನೂ ಕಾಯಿಸಿ ಸುರಿಯಬೇಕು. ಅಷ್ಟರಲ್ಲಿ ಸ್ಕೀಗಳು ಮಂಜಿಗೆ ಅಂಟಿಕೊಂಡಿರುತ್ತವೆ. ಅದಕ್ಕಾಗಿ ರಾತ್ರಿಯೇ ಅವುಗಳಡಿ ಮರದ ರೆಂಬೆ ಹಾಸಿಡುವುದು ರೂಢಿ.

ಗಟ್ಟಿ ಸ್ಕೀ ಬೇಕಾದಾಗ ಕಂಪನಿ ಹೋದದ್ದು ಸೂ ಲುಕ್‌ಔಟ್ ಎಂಬ ಊರಿನಲ್ಲಿ ಮರಗೆಲಸ ಮಾಡುತ್ತಿದ್ದ ಎಲಿಯಟ್ ಸಹೋದರರ ಬಳಿಗೆ. ಹೀಗೆ ಈ ಉದ್ಯಮದ ತಾಂತ್ರಿಕ ಜ್ಞಾನದ ದೊಡ್ಡ ಪಾಲು ಹುಟ್ಟಿದ್ದು ಸರೋವರದ ದಂಡೆಯಲ್ಲಿ, ಕೈಗೆ ಸಿಕ್ಕ ಸಾಮಾನಿನಿಂದ.

ಬೆಲೆ ಜೀವದ ಲೆಕ್ಕದಲ್ಲೂ ತೆರಬೇಕಾಯಿತು. ಚರ್ಚಿಲ್‌ಗೆ ದಾರಿ ಮಾಡಿದ ಸ್ಟೀವನ್‌ಸನ್ 1928ರ ಜನವರಿಯಲ್ಲಿ ದಿ ಪಾಸ್ ಎಂಬಲ್ಲಿ ಅಪಘಾತದಲ್ಲಿ ಸತ್ತರು. ವಿನ್ನಿಪೆಗ್‌ನ ವಿಮಾನ ನಿಲ್ದಾಣಕ್ಕೆ ಆಗ ಅವರ ಹೆಸರಿಟ್ಟರು. 1932ರಲ್ಲಿ ಆಂಡಿ ಕ್ರುಕ್‌ಶ್ಯಾಂಕ್ ಇಬ್ಬರು ಮೆಕ್ಯಾನಿಕ್‌ಗಳ ಜೊತೆ ಹಿಂದಿರುಗಲಿಲ್ಲ.

ಏರುಗಾಲ

1928ರಿಂದ 1932ರವರೆಗಿನ ವರ್ಷಗಳು ಕಂಪನಿಯ ಕೀರ್ತಿಯ ಕಾಲ. 1928ರಲ್ಲಿ ‘ಪಂಚ್’ ಡಿಕಿನ್ಸ್ ಗಣಿ ಶೋಧಕರನ್ನು ಕೂರಿಸಿಕೊಂಡು, ಮರಗಿಡವಿಲ್ಲದ ಬ್ಯಾರನ್ ಲ್ಯಾಂಡ್ಸ್ ಬಯಲನ್ನು ದಾಟಿ ಸುಮಾರು 6,400 ಕಿ.ಮೀ. ಹಾರಿ ಬಂದರು. ನಕ್ಷೆಯ ಎಷ್ಟೋ ಭಾಗ ಬರೀ ಬಿಳಿ ಹಾಳೆ. ಕಾಂತಧ್ರುವ ಹತ್ತಿರವಿದ್ದುದರಿಂದ ದಿಕ್ಸೂಚಿಯನ್ನು ನಂಬುವಂತಿರಲಿಲ್ಲ. ಮರುವರ್ಷ ಅವರು ಮ್ಯಾಕೆಂಜಿ ನದಿಯ ಜಾಡು ಹಿಡಿದು ಅದರ ಮುಖಜ ಭೂಮಿಯಲ್ಲಿರುವ ಅಕ್ಲಾವಿಕ್ ತಲುಪಿದರು. ಅದೇ ಕಾಲಕ್ಕೆ ಗಿಲ್ಬರ್ಟ್ ಲಬೈನ್ ಎಂಬ ಗಣಿ ಶೋಧಕ ವಿಮಾನದಿಂದಲೇ ಗ್ರೇಟ್ ಬೇರ್ ಸರೋವರದ ದಂಡೆಯನ್ನು ಕಣ್ಣಳತೆ ಮಾಡಿದರು. 1930ರಲ್ಲಿ ಅಲ್ಲಿ ಅವರಿಗೆ ರೇಡಿಯಂ ಅದಿರು ಸಿಕ್ಕಿತು.

1932ರ ಚಳಿಗಾಲದಲ್ಲಿ ಇಡೀ ದೇಶ ರೇಡಿಯೊಗೆ ಕಿವಿಗೊಟ್ಟ ಘಟನೆ ನಡೆಯಿತು. ಆಲ್ಬರ್ಟ್ ಜಾನ್ಸನ್ ಎಂಬ ಹೆಸರಿನ ಒಂಟಿ ಬೇಟೆಗಾರ ಪೊಲೀಸರ ಮೇಲೆ ಗುಂಡು ಹಾರಿಸಿ, ಒಬ್ಬ ಕಾನ್‌ಸ್ಟೆಬಲ್‌ನನ್ನು ಕೊಂದು, ಪರ್ವತ ದಾಟಿ ಓಡಿದ್ದ. ಹಿಮಜಿಂಕೆಗಳ ಗೊರಸಿನ ಗುರುತಿನೊಳಗೆ ತನ್ನ ಹೆಜ್ಜೆ ಬೆರೆಸಿ ಬೆನ್ನಟ್ಟಿದವರ ದಿಕ್ಕು ತಪ್ಪಿಸುತ್ತಿದ್ದ. ಕಂಪನಿಯ ಬೆಲಾಂಕಾ ವಿಮಾನದಲ್ಲಿ ಬಂದ ‘ವಾಪ್’ ಮೇ ಮೇಲಿನಿಂದ ಆ ಜಾಡು ಕವಲೊಡೆದದ್ದನ್ನು ಕಂಡುಹಿಡಿದರು. ಫೆಬ್ರವರಿ 17ರಂದು ಜಾನ್ಸನ್ ಗುಂಡಿಗೆ ಬಲಿಯಾದ. ಅದೇ ಕಾದಾಟದಲ್ಲಿ ಗಾಯಗೊಂಡ ಸೈನಿಕನನ್ನು ಮೇ ಅಕ್ಲಾವಿಕ್ ಆಸ್ಪತ್ರೆಗೆ ಹಾರಿಸಿಕೊಂಡು ಹೋಗಿ ಬದುಕಿಸಿದರು.

ಇಂಥ ಕಥೆಗಳಲ್ಲಿ ಒಂದು ಅಂಶ ಮರೆಯಾಗುತ್ತದೆ. ಪೈಲಟ್‌ಗಳ ಪಾಲಿಗೆ ಖಾಲಿ ಎನಿಸಿದ ಆ ನೆಲ ಖಾಲಿಯಾಗಿರಲಿಲ್ಲ. 1929ರ ಸೆಪ್ಟೆಂಬರ್‌ನಲ್ಲಿ ಕರ್ನಲ್ ಮ್ಯಾಕಾಲ್ಪೈನ್ ನೇತೃತ್ವದ ಶೋಧ ತಂಡ ಆರ್ಕ್‌ಟಿಕ್ ತೀರದಲ್ಲಿ ಇಂಧನ ತೀರಿ ಸಿಕ್ಕಿಕೊಂಡಿತು. ವಿಮಾನಗಳು ವಾರಗಟ್ಟಲೆ ಹುಡುಕಿದವು, ಹುಡುಕಲು ಹೋದವೇ ಕೆಲವು ಮುರಿದುಬಿದ್ದವು. ತಂಡವನ್ನು ಉಳಿಸಿದವರು ಇನ್ಯೂಟ್ ಜನ. ಉಣಿಸಿ, ಉಡಿಸಿ, ಸಮುದ್ರ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ನಡೆಸಿಕೊಂಡು ನವೆಂಬರ್‌ನಲ್ಲಿ ಕೇಂಬ್ರಿಜ್ ಬೇ ತಲುಪಿಸಿದರು.

ದೊಡ್ಡ ಕನಸು, ಕೆಟ್ಟ ಕಾಲ

1930ರಲ್ಲಿ ರಿಚರ್ಡ್‌ಸನ್ ಪೂರ್ವ ಕೆನಡಾದ ಕಂಪನಿಗಳನ್ನೂ ಸೇರಿಸಿಕೊಂಡು ‘ಕೆನೇಡಿಯನ್ ಏರ್‌ವೇಸ್ ಲಿಮಿಟೆಡ್’ ಕಟ್ಟಿದರು. ದೇಶದ ಎರಡು ದೈತ್ಯ ರೈಲ್ವೆಗಳಾದ ಕೆನೇಡಿಯನ್ ಪೆಸಿಫಿಕ್ ಮತ್ತು ಕೆನೇಡಿಯನ್ ನ್ಯಾಷನಲ್ ತಲಾ 2.5 ಲಕ್ಷ ಡಾಲರ್ ಹೂಡಿದವು. ಉತ್ತರದ ಸರಕು ಸಾಗಣೆ ಕಲಿಕೆಯ ಶಾಲೆ, ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ವರೆಗೆ ದೇಶಕ್ಕೊಂದು ವಿಮಾನ ಸೇವೆ ಕೊನೆಯ ಗುರಿ. ಇದು ರಿಚರ್ಡ್‌ಸನ್ ಲೆಕ್ಕ. ಆ ಲೆಕ್ಕ ನಿಂತದ್ದು ಸರ್ಕಾರದ ಟಪಾಲು ಗುತ್ತಿಗೆಯ ಮೇಲೆ. 1930ರ ಮಾರ್ಚ್‌ನಲ್ಲಿ ವಿನ್ನಿಪೆಗ್‌ನಿಂದ ಪಶ್ಚಿಮಕ್ಕೆ ಪ್ರೇರಿ ವಿಮಾನ ಟಪಾಲು ಶುರುವಾಯಿತು. ರಾತ್ರಿ ಹಾರಾಟಕ್ಕೆ ದಾರಿಯುದ್ದಕ್ಕೂ ದೀಪಸ್ತಂಭಗಳು ಬೆಳಗಿದವು.

ಎರಡೇ ವರ್ಷಕ್ಕೆ ಆ ದೀಪಗಳು ಆರಿದವು. ಆರ್ಥಿಕ ಮಹಾಕುಸಿತದಲ್ಲಿ ಗೋಧಿ ಬೆಲೆ ಪಾತಾಳಕ್ಕಿಳಿದು, ರೈತರು ಪರಿಹಾರಕ್ಕೆ ಸಾಲು ನಿಂತಿದ್ದಾಗ ವಿಮಾನ ಟಪಾಲು ಪ್ರಧಾನಿ ಆರ್.ಬಿ. ಬೆನೆಟ್‌ಗೆ ದುಂದುವೆಚ್ಚವಾಗಿ ಕಂಡಿತು. 1932ರ ಮಾರ್ಚ್ ಅಂತ್ಯಕ್ಕೆ ಪ್ರೇರಿ ಸೇವೆ ನಿಂತಿತು. ಅದನ್ನು ನಂಬಿ ಕೊಂಡ ವಿಮಾನಗಳು, ನೇಮಿಸಿದ ಜನ, ಎಲ್ಲವೂ ಕಂಪನಿಯ ತಲೆಯ ಮೇಲೆ ಬಿತ್ತು.

ಉತ್ತರಕ್ಕೆ ಮರಳಿದರೆ ಅಲ್ಲಿ ಬೇರೆ ಕಷ್ಟ. ನೀರೇ ನಿಲ್ದಾಣವಾದ ಸೀಮೆಯಲ್ಲಿ ಹಳೆಯ ವಿಮಾನ ಒಂದು ಸಿಕ್ಕರೆ ಯಾರು ಬೇಕಾದರೂ ಕಂಪನಿ ತೆರೆಯಬಹುದು. ಹಾಗೇ ತೆರೆದರು. ರಿಚರ್ಡ್‌ಸನ್ ಬಳಿ ವ್ಯವಸ್ಥಾಪಕರಾಗಿದ್ದ ಲೀ ಬ್ರಿಂಟ್‌ನೆಲ್ ಅವರೇ ‘ಮ್ಯಾಕೆಂಜಿ ಏರ್ ಸರ್ವಿಸ್’ ಕಟ್ಟಿ ಎದುರು ನಿಂತರು. ಯುಕಾನ್ ಕಡೆಗೆ ಗ್ರಾಂಟ್ ಮೆಕಾನಕಿ, ಒಂಟಾರಿಯೊದಲ್ಲಿ ಸ್ಟಾರಟ್. ಒಬ್ಬರಿಗಿಂತ ಒಬ್ಬರು ದರ ಇಳಿಸಿದರು. ಸಾಮಾನು ಹೊರೆ ಹೊರೆಯಾಗಿ ಬಂತು. 1930ರ ದಶಕದ ನಡುವಿಗೆ ವಿಮಾನ ಸರಕಿನಲ್ಲಿ ಕೆನಡಾ ಜಗತ್ತಿನ ಮುಂಚೂಣಿಯಲ್ಲಿತ್ತು. ಲಾಭ ಮಾತ್ರ ಯಾರ ಕೈಗೂ ಹತ್ತಲಿಲ್ಲ. 1931ರಲ್ಲಿ ತರಿಸಿದ ಒಂಟಿ ಎಂಜಿನ್ನಿನ ಯುಂಕರ್ಸ್ ಯು-52 ಸುಮಾರು 29 ಮೀಟರ್ ರೆಕ್ಕೆಯ ಹಾರುವ ಗೋದಾಮು. ದೇಶದ ಅತಿ ದೊಡ್ಡ ವಿಮಾನ ಬಂದಿಳಿದದ್ದು ದರ ಸಮರ ಶುರುವಾಗುವ ಹೊತ್ತಿಗೇ. ಪರವಾನಗಿ ಪದ್ಧತಿ ತಂದು ಈ ಪೈಪೋಟಿಗೆ ಕಡಿವಾಣ ಹಾಕಿ ಎಂದು ರಿಚರ್ಡ್‌ಸನ್ ವರ್ಷಗಟ್ಟಲೆ ಕೇಳಿಕೊಂಡರು. ಅದಕ್ಕೆ ಕಾನೂನು ಬಂದದ್ದು 1938ರಲ್ಲಿ.

ಹೋವ್ ಬರೆದ ತೀರ್ಪು

ಅಷ್ಟರಲ್ಲಿ ದೊಡ್ಡ ಪೆಟ್ಟು ಬಿದ್ದಾಗಿತ್ತು. 1936ರಲ್ಲಿ ಸಾರಿಗೆ ಇಲಾಖೆ ಹೊಸದಾಗಿ ರೂಪುಗೊಂಡು ಸಿ.ಡಿ. ಹೋವ್ ಅದರ ಸಚಿವರಾದರು. ರಾಜಕೀಯಕ್ಕೆ ಬರುವ ಮುನ್ನ ಅವರ ಸಂಸ್ಥೆ ಧಾನ್ಯದ ಎತ್ತರದ ಗೋದಾಮುಗಳನ್ನು ಕಟ್ಟುತ್ತಿತ್ತು. ರಿಚರ್ಡ್‌ಸನ್ ತುಂಬುವಂಥ ಗೋದಾಮುಗಳನ್ನು ಕಟ್ಟಿ ಬೆಳೆದ ಮನುಷ್ಯ ಈಗ ಅವರ ಭವಿಷ್ಯ ಬರೆಯುವವರಾದರು. ರಾಷ್ಟ್ರೀಯ ವಿಮಾನ ಸೇವೆಯಲ್ಲಿ ಕೆನೇಡಿಯನ್ ಏರ್‌ವೇಸ್‌ಗೂ ಪಾಲಿರುತ್ತದೆ ಎಂದೇ ಎಲ್ಲರ ಎಣಿಕೆ. 1937ರ ಏಪ್ರಿಲ್‌ನಲ್ಲಿ ಹುಟ್ಟಿದ ‘ಟ್ರಾನ್ಸ್-ಕೆನಡಾ ಏರ್ ಲೈನ್ಸ್’ ಪೂರ್ತಿಯಾಗಿ ಸರ್ಕಾರಿ ರೈಲ್ವೆಯ ಸ್ವತ್ತಾಯಿತು. ಸೆಪ್ಟೆಂಬರ್ 1ರಂದು ಅದು ತನ್ನ ಮೊದಲ ಸೇವೆಯನ್ನು ವ್ಯಾಂಕೂವರ್‌ನಿಂದ ಸಿಯಾಟಲ್‌ಗೆ ಆರಂಭಿಸಿತು. ಆ ಮಾರ್ಗ ಕೆನೇಡಿಯನ್ ಏರ್‌ವೇಸ್‌ನದು. ಹಾರಿದ ಲಾಕ್‌ಹೀಡ್ ವಿಮಾನಗಳೂ ಕೆನೇಡಿಯನ್ ಏರ್‌ವೇಸ್‌ನಿಂದಲೇ ಕೊಂಡವು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಎಂದು ಇಲ್ಲಿಗೆ ಕಥೆ ಮುಗಿಸಬಹುದು. ಆದರೆ ಅದು ಅರ್ಧ ಸತ್ಯ. ಪೈಪೋಟಿಗೆ ಬಿದ್ದು ಹಳಿ ಹಾಕಿದ ಖಾಸಗಿ ರೈಲ್ವೆಗಳು ದಿವಾಳಿಯಾಗಿ, ಅವನ್ನು ಸರ್ಕಾರವೇ ಹೊತ್ತುಕೊಳ್ಳಬೇಕಾದ ನೆನಪು ರಾಜಧಾನಿ ಒಟ್ಟಾವದಲ್ಲಿ ಇನ್ನೂ ಹಸಿಯಾಗಿತ್ತು. ಮುಖ್ಯ ಮಾರ್ಗಕ್ಕೆ ರನ್‌ವೇ, ದೀಪ, ರೇಡಿಯೊ ಕೇಂದ್ರ ಎಲ್ಲವನ್ನೂ ತೆರಿಗೆ ಹಣದಿಂದ ಕಟ್ಟಬೇಕು. ಅದರ ಫಲ ಖಾಸಗಿ ಕಂಪನಿಗೇಕೆ ಎಂಬ ಪ್ರಶ್ನೆಯಲ್ಲಿ ಹುರುಳಿತ್ತು. ರಿಚರ್ಡ್‌ಸನ್ ಬಯಸಿದ್ದೂ ಮುಕ್ತ ಪೈಪೋಟಿಯನ್ನಲ್ಲ, ತಮ್ಮ ಕಂಪನಿಗೆ ಸರ್ಕಾರದ ರಕ್ಷಣೆಯನ್ನು. ಅನ್ಯಾಯ ಆದದ್ದು ರೀತಿಯಲ್ಲಿ: ವರ್ಷಗಟ್ಟಲೆ ಆಸೆ ತೋರಿಸಿ, ನಷ್ಟದಲ್ಲೂ ಸೇವೆ ನಡೆಸುವಂತೆ ಮಾಡಿ, ಕಡೆಗೆ ಹೊರಗಿಟ್ಟದ್ದು.

1939ರ ಜೂನ್‌ನಲ್ಲಿ, ಐವತ್ತೈದು ತುಂಬುವ ಮೊದಲೇ ರಿಚರ್ಡ್‌ಸನ್ ತೀರಿಕೊಂಡರು. ಆಮೇಲೆ ಕೆನೇಡಿಯನ್ ಪೆಸಿಫಿಕ್ ರೈಲ್ವೆ ಕೆನೇಡಿಯನ್ ಏರ್‌ವೇಸ್ ಅನ್ನೂ, ಅದರ ಜೊತೆ ದರ ಸಮರ ನಡೆಸಿದ ಎದುರಾಳಿಗಳನ್ನೂ ಒಟ್ಟಿಗೇ ಕೊಂಡು 1942ರಲ್ಲಿ ‘ಕೆನೇಡಿಯನ್ ಪೆಸಿಫಿಕ್ ಏರ್ ಲೈನ್ಸ್’ ಮಾಡಿತು. ಡಿಕಿನ್ಸ್ ಅದರ ಆಡಳಿತದಲ್ಲಿ ಉನ್ನತ ಹುದ್ದೆಗೇರಿದರು. 1947ರಲ್ಲಿ ಅಧ್ಯಕ್ಷರಾದವರು ಹಳೆಯ ಎದುರಾಳಿ ಮೆಕಾನಕಿ.

ಇತಿಹಾಸದ ಕುಚೋದ್ಯ ಆಮೇಲಿನದು. ಹೋವ್ ಕಟ್ಟಿದ ಸಂಸ್ಥೆ 1965ರಲ್ಲಿ ‘ಏರ್ ಕೆನಡಾ’ ಎಂದು ಹೆಸರು ಬದಲಿಸಿಕೊಂಡು 1980ರ ದಶಕದ ಕೊನೆಗೆ ಖಾಸಗಿಯಾಯಿತು. ಕೆನೇಡಿಯನ್ ಪೆಸಿಫಿಕ್‌ನ ವಂಶ 1987ರಲ್ಲಿ ‘ಕೆನೇಡಿಯನ್ ಏರ್‌ಲೈನ್ಸ್’ ಆಗಿ, ಹೊಸ ಶತಮಾನ ಹುಟ್ಟುವ ಹೊತ್ತಿಗೆ ಏರ್ ಕೆನಡಾದೊಳಗೆ ಲೀನವಾಯಿತು. ಒಂದೇ ದೊಡ್ಡ ಖಾಸಗಿ ರಾಷ್ಟ್ರೀಯ ಕಂಪನಿ ಎಂಬ ರಿಚರ್ಡ್‌ಸನ್ ಯೋಜನೆ ಅರವತ್ತು ವರ್ಷ ತಡವಾಗಿ, ಅವರ ಕಂಪನಿಯಿಲ್ಲದೆ ಜಾರಿಯಾಯಿತು. 2006ರಲ್ಲಿ ವಿನ್ನಿಪೆಗ್ ನಿಲ್ದಾಣಕ್ಕೆ ಅವರ ಹೆಸರಿಟ್ಟರು.

ಉತ್ತರ ಮಾತ್ರ ದೊಡ್ಡ ಕಂಪನಿಗಳ ಲೆಕ್ಕಕ್ಕೆ ಎಂದೂ ಸರಿಯಾಗಿ ಸಿಕ್ಕಿಲ್ಲ. ವರ್ಷವಿಡೀ ತೆರೆದಿರುವ ರಸ್ತೆಯಿಲ್ಲದ ಊರುಗಳು ಅಲ್ಲಿ ಈಗಲೂ ಹಲವು. ಹಾಲಿನಪುಡಿ, ಔಷಧಿ, ಹೆರಿಗೆಗೆ ಹೋಗುವ ಹೆಂಗಸು, ಎಲ್ಲರಿಗೂ ವಿಮಾನವೇ ಗತಿ. ಜನ ಕಡಿಮೆ, ದೂರ ಹೆಚ್ಚು, ಇಂಧನ ದುಬಾರಿ. ಇಬ್ಬರು ಪೈಪೋಟಿಗೆ ಬಿದ್ದರೆ ಇಬ್ಬರೂ ಮುಳುಗುತ್ತಾರೆ, ಒಬ್ಬರೇ ಉಳಿದರೆ ಟಿಕೆಟ್ ಬೆಲೆ ಜನರನ್ನು ಮುಳುಗಿಸುತ್ತದೆ. ಎಂಜಿನ್ ಕಾಯಿಸುವ ಉಪಾಯವನ್ನು ಕೆನೇಡಿಯನ್ ಏರ್‌ವೇಸ್‌ನ ಮೆಕ್ಯಾನಿಕ್‌ಗಳು ಒಂದೆರಡು ಚಳಿಗಾಲಗಳಲ್ಲೇ ಕಂಡುಕೊಂಡರು. ಆ ಸೇವೆಯ ಖರ್ಚನ್ನು ಯಾರು, ಎಷ್ಟು ಹೊರಬೇಕು ಎಂಬ ಪ್ರಶ್ನೆಗೆ ಒಟ್ಟಾವ ಸುಮಾರು ನೂರು ವರ್ಷಗಳಲ್ಲೂ ನೆಟ್ಟಗಿನ ಉತ್ತರ ಕೊಟ್ಟಿಲ್ಲ.