ಆರದ ಕೆಂಪು ದೀಪ: ಕಾರಿನ ಏರ್‌ಬ್ಯಾಗ್ ಬಗ್ಗೆ ನಾಲ್ಕು ಮಾತು

ಕಾಳುಮೆಣಸಿನ ಚೀಲ ತುಂಬುವುದಕ್ಕಾಗಿ ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಆಮೇಲೆ ಮುಂದಕ್ಕೆ ಎಳೆದೆ. ಮಾಡಿದ್ದು ಇಷ್ಟೇ. ಮರುದಿನ ಕೀಲಿ ತಿರುಗಿಸಿದಾಗ, ಕುಳಿತ ಮನುಷ್ಯನ ಎದುರು ಉರುಟು ಚೆಂಡಿರುವ ಚಿತ್ರದ ಕೆಂಪು ದೀಪ ಹತ್ತಿಕೊಂಡದ್ದು ಆರಲೇ ಇಲ್ಲ. ಎಂಜಿನ್ ಸರಿಯಿತ್ತು, ಬ್ರೇಕ್ ಸರಿಯಿತ್ತು. ಹಾಗಾಗಿ ಎರಡು ವಾರ ಅದೇ ಸ್ಥಿತಿಯಲ್ಲಿ ಓಡಿಸಿದೆ. ಸಂಘಕ್ಕೆ ಬರುವ ಸದಸ್ಯರೊಡನೆ ಮಾತಾಡಿದಾಗ, ತಿಂಗಳುಗಟ್ಟಲೆ ಹೀಗೆ ಓಡಿಸುವವರೂ ಇದ್ದಾರೆಂದು ತಿಳಿಯಿತು. ಆದ್ದರಿಂದ ಈ ಬರಹ.

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಎದುರು ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿಗೂ ಇರಬೇಕೆಂಬ ನಿಯಮ 2021ರಲ್ಲಿ ಬಂತು. ಕಾರು ಬಲವಾಗಿ ಢಿಕ್ಕಿ ಹೊಡೆದರೆ ಒಂದು ಸಣ್ಣ ಮದ್ದಿನ ಗುಳಿಗೆ ವಿದ್ಯುತ್ತಿನಿಂದ ಹೊತ್ತಿ, ಅದರ ಅನಿಲದಿಂದ ಚೀಲ ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ. ಇದನ್ನೆಲ್ಲ ನಡೆಸುವ ಪೆಟ್ಟಿಗೆ ಸಾಮಾನ್ಯವಾಗಿ ಎರಡು ಮುಂದಿನ ಸೀಟುಗಳ ನಡುವೆ, ಗೇರಿನ ಹತ್ತಿರ ತಳದಲ್ಲಿರುತ್ತದೆ. ಕೀಲಿ ತಿರುಗಿಸಿದೊಡನೆ ಅದು ತನ್ನ ತಂತಿಗಳನ್ನೆಲ್ಲ ತಾನೇ ಪರೀಕ್ಷಿಸಿಕೊಳ್ಳುತ್ತದೆ. ಎಲ್ಲವೂ ಸರಿಯಿದ್ದರೆ ಕೆಲವು ಸೆಕೆಂಡುಗಳಲ್ಲಿ ದೀಪ ಆರುತ್ತದೆ. ಆರದಿದ್ದರೆ ಎಲ್ಲೋ ದೋಷವಿದೆ. ಅಪಘಾತವಾದಾಗ ಚೀಲ ಉಬ್ಬದೇ ಹೋಗಬಹುದು. ಸೀಟ್‌ಬೆಲ್ಟನ್ನು ಆ ಕ್ಷಣ ಬಿಗಿಯಾಗಿ ಎಳೆಯುವ ಸಾಧನವೂ ಇದೇ ಪೆಟ್ಟಿಗೆಗೆ ಸೇರಿದ್ದು. ಬೆಲ್ಟು ಬೆಲ್ಟಾಗಿ ಕೆಲಸ ಮಾಡಿಯೇ ಮಾಡುತ್ತದೆ. ಆದ್ದರಿಂದ ರಿಪೇರಿ ಆಗುವವರೆಗೆ ಅದನ್ನು ಕಟ್ಟದೆ ಹೊರಡಬೇಡಿ.

ದೋಷ ಬಹಳ ಸಲ ಸಣ್ಣದೇ. ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಇರುವ ಕಾರುಗಳುಂಟು. ಸೀಟು ಹಿಂದೆಮುಂದೆ ಮಾಡಿದಾಗಲೋ, ಅಡಿಗೆ ಕತ್ತಿ, ಹಗ್ಗ, ಗೋಣಿ ತುರುಕಿದಾಗಲೋ ಅದು ಸಡಿಲವಾಗುತ್ತದೆ. ನಾವು ಸೀಟಿನಡಿಯನ್ನು ಅಟ್ಟದಂತೆ ಬಳಸುವವರು, ಹೇಳಬೇಕಾದ್ದಿಲ್ಲ! ಮಳೆಗಾಲದಲ್ಲಿ ಒದ್ದೆ ಗಮ್‌ಬೂಟಿನ ನೀರು ಕಾರ್ಪೆಟ್ಟಿಗಿಳಿದು ಕನೆಕ್ಟರ್ ಕಿಲುಬು ಹಿಡಿಯುವುದುಂಟು. ಕಾರು ಅಡಿಕೆ ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲುವುದಾದರೆ ಇಲಿ ತಂತಿ ಕಡಿದಿರಲೂಬಹುದು. ದೀಪದ ಜೊತೆಗೆ ಹಾರನ್ ಕೂಡ ನಿಂತಿದ್ದರೆ, ಸ್ಟೀರಿಂಗ್ ಚಕ್ರದೊಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿರುವ ಚಪ್ಪಟೆ ತಂತಿ ತುಂಡಾಗಿರುವ ಸಂಭವ ಹೆಚ್ಚು. ಬ್ಯಾಟರಿ ತೀರಾ ಇಳಿದಾಗಲೂ ಈ ದೀಪ ಹತ್ತಬಹುದು.

ನೀವು ಮಾಡಬಹುದಾದದ್ದು: ಸೀಟಿನಡಿಯ ಸಾಮಾನು ತೆಗೆದು ಟಾರ್ಚ್ ಬಿಟ್ಟು ನೋಡುವುದು, ಕಾರ್ಪೆಟ್ ಒಣಗಿಸುವುದು, ಬ್ಯಾಟರಿ ಪರೀಕ್ಷಿಸಿಸುವುದು. ಹಳದಿ ತಂತಿಗೆ ಕೈ ಹಾಕಕೂಡದು. ಮನೆಯ ಪಂಪ್‌ಸೆಟ್ಟಿನ ವಯರಿಂಗ್ ನೋಡುವಂತೆ ಟೆಸ್ಟ್‌ಲ್ಯಾಂಪನ್ನಾಗಲಿ ಮೀಟರನ್ನಾಗಲಿ ಅಲ್ಲಿಗೆ ತಾಗಿಸಿದರೆ ಚೀಲ ಮುಖಕ್ಕೇ ಸಿಡಿಯಬಹುದು. ತಿಳಿದ ಮೆಕ್ಯಾನಿಕ್ ಕೂಡ ಬ್ಯಾಟರಿಯ ನೆಗೆಟಿವ್ ಕಳಚಿ, ಕೈಪಿಡಿ ಹೇಳುವಷ್ಟು ನಿಮಿಷ ಕಾದು, ಆಮೇಲೆಯೇ ಮುಟ್ಟುತ್ತಾನೆ. ಪೆಟ್ಟಿಗೆಯೊಳಗೆ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ದೋಷದ ಸಂಖ್ಯೆ ಓದುವ ಸ್ಕ್ಯಾನರ್ ಅವನಲ್ಲಿದೆಯೇ ಎಂದು ಮೊದಲೇ ಕೇಳಿ. ಎಂಜಿನ್ ದೋಷ ಮಾತ್ರ ಓದುವ ಅಗ್ಗದ ಯಂತ್ರ ಇದಕ್ಕೆ ಸಾಲದು.

ನಾನು ಮೊದಲು ಹೋದ ಒಂದು ವರ್ಕ್‌ಶಾಪಿನಲ್ಲಿ "ದೀಪ ಆರಿಸಿಕೊಡುತ್ತೇವೆ, ಹತ್ತು ನಿಮಿಷ ಸಾಕು" ಎಂದರು. ಹೇಗೆಂದು ಕೇಳಿದರೆ ಉತ್ತರ ಸ್ಪಷ್ಟವಿರಲಿಲ್ಲ. ದೀಪವನ್ನೇ ಕಿತ್ತುಬಿಡುವುದು ಅಥವಾ ಏರ್‌ಬ್ಯಾಗಿನ ಜಾಗದಲ್ಲಿ ಒಂದು ಸಣ್ಣ ರೆಸಿಸ್ಟರ್ ಕೂರಿಸಿ ಪೆಟ್ಟಿಗೆಗೆ ಮೋಸ ಮಾಡುವುದು ಇಂಥವರ ಉಪಾಯ. ದೀಪ ಆರುತ್ತದೆ, ಚೀಲ ಮಾತ್ರ ಉಬ್ಬುವುದಿಲ್ಲ. ಹಳೆಯ ಕಾರು ಕೊಳ್ಳುವ ಸದಸ್ಯರು ಇದನ್ನು ಗಮನಿಸಬೇಕು. ಕೀಲಿ ತಿರುಗಿಸಿದಾಗ ಈ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತದೇ ಇದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ರೆಸಿಸ್ಟರ್ ಮೋಸ ಹೀಗೆ ತಿಳಿಯುವುದಿಲ್ಲ. ಹಿಂದೆ ಅಪಘಾತವಾದ ಕಾರಾದರೆ ಚೀಲ ಹೊಸದಾಗಿ ಹಾಕಿಸಿದ ಬಿಲ್ ಕೇಳಿ.

ನನ್ನ ಕಾರಿಗೆ ಕೊನೆಗೆ ಬೇರೊಂದು ಕಡೆ ಕನೆಕ್ಟರ್ ಶುಚಿ ಮಾಡಿ ಗಟ್ಟಿಯಾಗಿ ಕೂರಿಸಿ, ಸ್ಕ್ಯಾನರಿನಿಂದ ಹಳೆಯ ದೋಷ ಅಳಿಸಿದರು. ಬಿಡಿಭಾಗ ಒಂದೂ ಬೇಕಾಗಲಿಲ್ಲ. ಮೆಣಸಿನ ಚೀಲ ಈಗ ಡಿಕ್ಕಿಯಲ್ಲಿ ಬರುತ್ತದೆ.